ದೊಡ್ಡಪ್ಪನ ಡೈರಿ

ಸನ್ಮಾನದ ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ತಪ್ಪದೆ ಒಂದು ಮಾತು ಹೇಳುತ್ತಾರೆ: ವಕೀಲರ ಮನೆಯಲ್ಲೇ ಹುಟ್ಟಿದವರು, ವಕೀಲರ ಸಂಘದ ಅಧ್ಯಕ್ಷೆಯಾಗಿದ್ದ ತಾಯಿಯ ಮಗಳು, ಹಾಗಾಗಿ ಕಾನೂನು ಇವರಿಗೆ ತೊಟ್ಟಿಲಲ್ಲೇ ಸಿಕ್ಕಿತು. ಹೆಗಲ ಮೇಲೆ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಜಗಳಕ್ಕೆ ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದು ನಾನು ಹಲ್ಲು ಕಚ್ಚಿ ಕೂತಿರುತ್ತೇನೆ. ಶಿವಮೊಗ್ಗದ ಹೊಸಮನೆ ಬಡಾವಣೆಯ ಆ ಮನೆಯಲ್ಲಿ ನನ್ನ ತಾಯಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಒಂದು ಬೆಂಚು. ನನಗೆ ಸಿಕ್ಕಿದ್ದು ಒಂದು ಪೆನ್ನು, ಆ ಪೆನ್ನಿನಿಂದ ನಾನು ಮಾಡಿದ್ದು ಒಂದು ಹೇಡಿ ಕೆಲಸ. ಅದನ್ನು ಹೇಳದೆ ನನ್ನ ಬಾಲ್ಯದ ಬಗ್ಗೆ ಬರೆಯಲಿಕ್ಕೆ ಆಗುವುದಿಲ್ಲ. ಅಮ್ಮನ ಬಗ್ಗೆ ಲೇಖನ ಬರೆದವರೆಲ್ಲ ಅವಳು ಗೆದ್ದ ಚುನಾವಣೆಯಿಂದ ಶುರುಮಾಡಿದ್ದಾರೆ. ನಾನು ಅವಳು ಸೋತ ಚುನಾವಣೆಯ ಕಥೆ ಹೇಳುತ್ತೇನೆ, ಯಾಕೆಂದರೆ ಆ ಸೋಲಿನಲ್ಲಿ ನನ್ನ ಪಾಲಿದೆ.

ಆ ಮನೆಗೆ ಎರಡು ಬಾಗಿಲು. ಬೀದಿ ಕಡೆಯದು ದೊಡ್ಡಪ್ಪನ ಕಕ್ಷಿದಾರರಿಗೆ, ಹಿತ್ತಲ ಕಡೆಯದು ಅಮ್ಮನ ಕಕ್ಷಿದಾರರಿಗೆ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಶಿವಮೊಗ್ಗದ ಕೋರ್ಟಿನಲ್ಲಿ ಜಮೀನಿನ ದಾವೆಗಳಿಗೆ ಹೆಸರಾಗಿದ್ದ ವಕೀಲ. ಬಹುವಚನ ಕೊಟ್ಟೇ ಬೆಳೆದವಳು ನಾನು, ಅದನ್ನು ವಾಪಸು ತೆಗೆದುಕೊಂಡು ಬಹಳ ವರ್ಷವಾಯಿತು. ಮನೆಯ ಮುಂದಿನ ಕೋಣೆಯೇ ಅವನ ಆಫೀಸು. ಗೋಡೆ ತುಂಬ ಕಂದು ರಟ್ಟಿನ ಕಾನೂನು ಪುಸ್ತಕಗಳು, ನಡುವೆ ಬೀಟೆ ಮರದ ಮೇಜು, ಮೇಜಿನ ಹಿಂದೆ ಬೆತ್ತ ಹೆಣೆದ ಕುರ್ಚಿಯಲ್ಲಿ ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ದೊಡ್ಡಪ್ಪ. ಅಪ್ಪನೂ ವಕೀಲನೇ. ಆದರೆ ಅಣ್ಣನ ಮೇಜಿನ ಮೂಲೆಯಲ್ಲಿ ಕೂತು ಕಂದಾಯದ ಕಾಗದ ನೋಡುವುದಷ್ಟೇ ಅವನ ವಕೀಲಿಕೆ. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದ. ಅಮ್ಮನೂ ವಕೀಲೆ. ಹದಿನಾಲ್ಕು ವರ್ಷ ದೊಡ್ಡಪ್ಪನ ದಾವೆಗಳ ಕರಡುಗಳನ್ನೆಲ್ಲ ಬರೆದವಳು ಅವಳೇ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕಡೆ ಹೆಂಚು ಕಾಯಲು ಇಟ್ಟು, ಇನ್ನೊಂದು ಕಡೆ ಕಾಗದ ಹರಡಿಕೊಂಡು ಬರೆಯುತ್ತಿದ್ದಳು. ಕಾಗದದ ಅಂಚಿಗೆ ರೊಟ್ಟಿ ಹಿಟ್ಟು ಅಂಟಿರುತ್ತಿತ್ತು. ಟೈಪಾಗಿ ಬಂದ ಮೇಲೆ ಅವುಗಳ ಕೆಳಗೆ ಸಹಿ ಮಾತ್ರ ದೊಡ್ಡಪ್ಪನದು. ಮುಂದಿನ ಕೋಣೆಯಲ್ಲಿ ಅವಳಿಗೆ ಕುರ್ಚಿ ಇರಲಿಲ್ಲ. ಕಾಫಿ ಕೊಡಲು ಬಂದಾಗ ನಿಂತುಕೊಂಡೇ ಯಾವ ಸೆಕ್ಷನ್ನು ಎಂದು ಹೇಳಿ ಲೋಟ ತೆಗೆದುಕೊಂಡು ಹೋಗುತ್ತಿದ್ದಳು.

ಸಂಜೆ ಆರಕ್ಕೆ ಆ ಕೋಣೆಯಲ್ಲಿ ಡೈರಿ ಬರೆಯುವ ಹೊತ್ತು. ಕೋರ್ಟಿನಿಂದ ಬಂದ ಮೂವರೂ ಅವತ್ತಿನ ಕೇಸುಗಳ ಮುಂದಿನ ತಾರೀಕನ್ನು ಸಣ್ಣ ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಇಡಬೇಕು. ದೊಡ್ಡಪ್ಪ ಒಂದೊಂದೇ ಚೀಟಿ ಎತ್ತಿ ಗಟ್ಟಿಯಾಗಿ ಓದುತ್ತಾನೆ. ಓದಿದ್ದನ್ನು ಆ ತಾರೀಕಿನ ಪುಟದಲ್ಲಿಯೂ ಫೈಲಿನ ಮೇಲೂ ಬರೆಯಬೇಕು, ಬರೆದಾದ ಚೀಟಿಯನ್ನು ಮೇಜಿನ ಮೇಲೆ ನಿಲ್ಲಿಸಿದ್ದ ಉದ್ದನೆಯ ಮೊಳೆಗೆ ಚುಚ್ಚಬೇಕು. ಆಮೇಲೆ ನಾಳೆಯ ಪುಟ ತೆಗೆದು, ಅದರಲ್ಲಿರುವ ಕೇಸುಗಳ ಫೈಲುಗಳನ್ನು ಕಪಾಟಿನಿಂದ ಇಳಿಸಿ ಬಟ್ಟೆಯಲ್ಲಿ ಕಟ್ಟಿಡಬೇಕು. ಪುಟದಲ್ಲಿ ಹೆಸರಿಲ್ಲದ ಫೈಲು ಕಪಾಟಿನಿಂದ ಇಳಿಯುವುದಿಲ್ಲ. ಇಡೀ ಮನೆಗೆ ಒಂದೇ ಡೈರಿ, ಯಾರೂ ಬೇರೆ ಇಟ್ಟುಕೊಳ್ಳಬಾರದು ಎಂಬುದು ದೊಡ್ಡಪ್ಪನ ಕಟ್ಟಳೆ. ಎರಡು ಡೈರಿ ಇಟ್ಟರೆ ಮನೆ ಎರಡಾಗುತ್ತದೆ ಎನ್ನುತ್ತಿದ್ದ. ಹಳೆಯ ಗುಮಾಸ್ತರು ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ, ನನ್ನ ಅಕ್ಷರ ದುಂಡಗಿದೆ ಎಂದು ಆ ಕೆಲಸ ನನಗೆ ಬಂತು. ನಾನಾಗ ಎಂಟನೇ ಕ್ಲಾಸು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಕಕ್ಷಿದಾರರ ಎದುರು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ:

"ನೋಡ್ರಿ, ಇವಳೇ ಈಗ ನಮ್ಮ ಗುಮಾಸ್ತೆ. ನಾಳೆ ಈ ಕುರ್ಚೀಲಿ ಕೂರೋಳೂ ಇವಳೇ."

ಆ ಮಾತಿಗೆ ನಾನು ಉಬ್ಬಿಹೋಗುತ್ತಿದ್ದೆ. ಅವನು ಕೊಟ್ಟಿದ್ದ ಶಾಯಿ ಪೆನ್ನನ್ನು ಯಾರಾದರೂ ಮುಟ್ಟಿಯಾರು ಎಂದು ಶಾಲೆಗೂ ಒಯ್ಯುತ್ತಿರಲಿಲ್ಲ. ಗೆಳತಿಯರು ಕುಂಟಾಬಿಲ್ಲೆಗೆ ಕರೆದರೆ ಸಂಜೆ ನನಗೆ ಆಫೀಸಿದೆ ಎನ್ನುತ್ತಿದ್ದೆ.

ಅಮ್ಮ ಭದ್ರಾವತಿಯವಳು. ಅವಳ ಅಪ್ಪ ಅಲ್ಲಿ ಕಾರ್ಖಾನೆಯ ಕೆಲಸಗಾರ. ಸೈರನ್ ಕೂಗಿದಾಗ ಎದ್ದು, ಸೈರನ್ ಕೂಗಿದಾಗ ಉಂಡು, ಕ್ವಾರ್ಟರ್ಸಿನ ಬೀದಿ ದೀಪದಲ್ಲಿ ಓದಿ ಲಾ ಮುಗಿಸಿದವಳು. ಪ್ರತಿ ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ತವರುಮನೆಯ ಜಗಲಿಯಲ್ಲಿ ಕೂರುತ್ತಿದ್ದಳು. ಗಂಡ ಬಿಟ್ಟವರು, ಗಂಡ ಸತ್ತವರು, ಮನೆಯಿಂದ ಹೊರಗೆ ಹಾಕಿಸಿಕೊಂಡವರು ಅಲ್ಲಿಗೆ ಬರುತ್ತಿದ್ದರು. ಕನ್ನಡ, ತಮಿಳು, ತೆಲುಗು, ಮುಸಲ್ಮಾನರ ಮನೆಯ ದಖನಿ, ಎಲ್ಲ ಅಳುವಿಗೂ ಅವಳು ಕಾಗದ ಬರೆದುಕೊಡುತ್ತಿದ್ದಳು. ವಾರದ ದಿನಗಳಲ್ಲಿ ಅವರೇ ಅವಳನ್ನು ಹುಡುಕಿಕೊಂಡು ಹೊಸಮನೆಗೆ ಬರುತ್ತಿದ್ದರು. ಒಮ್ಮೆ ಮುಂಬಾಗಿಲಿಗೆ ಬಂದ ಒಬ್ಬಳನ್ನು ದೊಡ್ಡಪ್ಪ ಅಡಿಕೆ ಮಂಡಿಯವರ ಎದುರಿಗೇ ಎಬ್ಬಿಸಿ ಕಳಿಸಿದ. ಅಂದಿನಿಂದ ಅವರೆಲ್ಲ ಪಕ್ಕದ ಓಣಿಯಲ್ಲಿ ಮೋರಿ ದಾಟಿ ಹಿತ್ತಲಿಗೆ ಬಂದು, ಒಗೆಯುವ ಕಲ್ಲಿನ ಪಕ್ಕದ ಬೆಂಚಿನ ಮೇಲೆ ಕೂರಬೇಕು. ಅಮ್ಮ ಒದ್ದೆ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ನಿಂತು ಅವರ ಕಥೆ ಕೇಳುವಾಗ, ಅಡುಗೆಮನೆಯ ಕಿಟಕಿಯಿಂದ ದೊಡ್ಡಮ್ಮನ ಮಾತು ಬರುತ್ತಿತ್ತು:

"ಮನೆಗೆ ಮಾರಿ, ಊರಿಗೆ ಉಪಕಾರಿ. ರೊಟ್ಟಿ ಬಡಿಯೋ ಹೊತ್ತಿಗೆ ಸರಿಯಾಗಿ ಬರ್ತಾವೆ ನೋಡು, ಊರಿನ ಗೋಳೆಲ್ಲ ಹೊತ್ಕೊಂಡು."

ಅಮ್ಮ ಒಳಗೆ ಬಂದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಬೆಳಿಗ್ಗೆ ಕಪ್ಪು ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತೇ ನಾಲ್ಕು ತುತ್ತು ತಿಂದು ಹೋಗುವುದು, ಸಂಜೆ ಕೋಟು ಗೂಟಕ್ಕೆ ಹಾಕಿ ಆ ಸೀರೆಯಲ್ಲೇ ಒಲೆ ಮುಂದೆ ಕೂರುವುದು. ನನಗೆ ಅವಳ ಬಗ್ಗೆ ಕನಿಕರ ಇತ್ತೆಂದು ಬರೆದರೆ ಈಗ ಕೇಳಲಿಕ್ಕೆ ಚೆಂದ. ಇರಲಿಲ್ಲ. ನಾಚಿಕೆ ಇತ್ತು. ನಾನು ಮುಂದಿನ ಕೋಣೆಯವಳು, ಅವಳು ಹಿತ್ತಲಿನವಳು ಎಂದೇ ನನ್ನ ಲೆಕ್ಕ. ಹಿತ್ತಲಿನ ಹೆಂಗಸರು ನನ್ನನ್ನು ಮಾತಾಡಿಸಿದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಅವರಲ್ಲಿ ಒಬ್ಬಳು ಸೆಲ್ವಿ, ನಾನು ಸೆಲ್ವಕ್ಕ ಎಂದು ಕರೆಯಬೇಕಾಗಿದ್ದವಳು. ತಮಿಳು ಮನೆಮಾತಿನ ಅವಳ ಗಂಡ ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದ. ಭದ್ರಾವತಿಯಲ್ಲಿ ಶೀಟು ಹೊದಿಸಿದ ಎರಡು ಕೋಣೆಯ ಮನೆ, ಇಬ್ಬರು ಚಿಕ್ಕ ಮಕ್ಕಳು. ಅವಳು ಇಡ್ಲಿ ಮಾಡಿ ಮಾರುತ್ತಿದ್ದಳು. ಮನೆ ತನ್ನದೆಂದು ಮೈದುನ ಅವಳನ್ನು ಹೊರಗೆ ಹಾಕಲು ಹೊರಟಾಗ ಅಮ್ಮ ದಾವೆ ಹಾಕಿ ಸ್ಟೇ ತಂದಿದ್ದಳು. ಆ ಸ್ಟೇ ಒಂದು ತಾರೀಕಿನಿಂದ ಮುಂದಿನ ತಾರೀಕಿನವರೆಗೆ ಮಾತ್ರ. ಪ್ರತಿ ತಾರೀಕಿಗೂ ವಕೀಲರು ಹೋಗಿ ನಿಂತು ಮುಂದುವರಿಸಿಕೊಳ್ಳಬೇಕು. ಒಂದು ಸಲ ತಪ್ಪಿದರೆ ಮನೆ ಹೋಯಿತು. ಮೈದುನನ ವಕೀಲ ರುದ್ರೇಶ, ದೊಡ್ಡಪ್ಪನ ಹಳೆಯ ಜೂನಿಯರು. ಈಗಲೂ ಮನೆಗೆ ಬಂದರೆ ದೊಡ್ಡಪ್ಪನ ಕಾಲು ಮುಟ್ಟದೆ ಕೂರುತ್ತಿರಲಿಲ್ಲ.

ಆ ವರ್ಷ ಶಿವಮೊಗ್ಗದ ವಕೀಲರ ಸಂಘಕ್ಕೆ ಅಧ್ಯಕ್ಷನಾಗಿ ರುದ್ರೇಶನನ್ನು ನಿಲ್ಲಿಸುವುದೆಂದು ದೊಡ್ಡಪ್ಪ ತೀರ್ಮಾನಿಸಿದ್ದ. ಅವನು ನಿಲ್ಲಿಸಿದವನ ಎದುರು ಯಾರೂ ನಿಲ್ಲುವ ವಾಡಿಕೆ ಇರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಮ್ಮ ದೊಡ್ಡಪ್ಪನ ತಟ್ಟೆಗೆ ರೊಟ್ಟಿ ಹಾಕಿ, ಪಲ್ಯ ಬಡಿಸಿ, ಸೌಟು ಕೆಳಗಿಟ್ಟು ಹೇಳಿದಳು:

"ಭಾವ, ಸಂಘದ ಅಧ್ಯಕ್ಷ ಸ್ಥಾನಕ್ಕೆ ನಾನೂ ನಿಂತಿದೀನಿ. ಇವತ್ತು ನಾಮಪತ್ರ ಕೊಟ್ಟೆ."

"ರುದ್ರೇಶ ನಿಂತಿದಾನೆ. ನಿಲ್ಲಿಸಿರೋನು ನಾನು."

"ಗೊತ್ತು. ಅದಕ್ಕೇ ಬೇರೆಯವರಿಂದ ಕೇಳೋದು ಬೇಡ ಅಂತ ನಾನೇ ಹೇಳ್ತಿದೀನಿ."

"ಕ್ವಾರ್ಟರ್ಸಿಂದ ಬಂದೋಳು ನೀನು. ಈ ಮನೆ ಹೆಸರಿಟ್ಕೊಂಡು ಕೋಟು ಹಾಕಿದೆ. ಉಂಡ ಮನೆಗೆ ಎರಡು ಬಗೀತೀಯಾ?"

"ಉಂಡಿದ್ದಕ್ಕೆ ಹದಿನಾಲ್ಕು ವರ್ಷ ಬರ್ದಿದೀನಿ ಭಾವ. ಕೋರ್ಟಿಗೆ ಬರೋ ಹೆಣ್ಮಕ್ಕಳಿಗೆ ಕೂತ್ಕೊಳ್ಳೋಕೆ ಒಂದು ಕೋಣೆ ಇಲ್ಲ, ಮಗೂಗೆ ಹಾಲು ಕುಡಿಸಬೇಕು ಅಂದ್ರೆ ಜೀಪಿನ ಹಿಂದೆ ಹೋಗ್ತಾರೆ. ನಿಮ್ಮ ರುದ್ರೇಶನಿಗೆ ಅದು ಕಾಣ್ಸಿದ್ರೆ ನಾನು ಯಾಕೆ ನಿಲ್ತಿದ್ದೆ?"

ದೊಡ್ಡಪ್ಪ ತಟ್ಟೆ ಸರಿಸಿದ. ಅಪ್ಪ ಅಣ್ಣನ ಮುಖ, ಹೆಂಡತಿಯ ಮುಖ ಎರಡನ್ನೂ ನೋಡಿ ತನ್ನ ರೊಟ್ಟಿಯನ್ನು ಚೂರು ಚೂರು ಮಾಡಿದ.

"ಅಣ್ಣ ಹೇಳೋದೂ ಸರಿ. ಇವಳು ಹೇಳೋದ್ರಲ್ಲೂ ಸ್ವಲ್ಪ..."

"ನೀನು ಬಾಯಿ ಮುಚ್ಚೋ."

ಅಪ್ಪ ಬಾಯಿ ಮುಚ್ಚಿದ. ಅಂದಿನಿಂದ ದೊಡ್ಡಪ್ಪ ಅಮ್ಮನ ಕೈಯ ರೊಟ್ಟಿ ಮುಟ್ಟಲಿಲ್ಲ. ದೊಡ್ಡಮ್ಮ ಬೇರೆ ಒಲೆ ಹೂಡಿದಳು. ಎರಡು ಡೈರಿಗೆ ಒಡೆಯುತ್ತದೆ ಎಂದಿದ್ದ ಮನೆಯಲ್ಲಿ ಎರಡು ಒಲೆ ಉರಿಯಿತು. ಸಂಜೆಯ ಡೈರಿ ಮಾತ್ರ ನಿಲ್ಲಲಿಲ್ಲ, ಆದರೆ ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಡುವುದನ್ನು ಬಿಟ್ಟ. ಕಕ್ಷಿದಾರರ ಎದುರು ನನ್ನ ಹೆಸರೆತ್ತಲಿಲ್ಲ. ನನಗೆ ಕೋಪ ಬಂದಿದ್ದು ಅವನ ಮೇಲಲ್ಲ, ಅಮ್ಮನ ಮೇಲೆ. ಸುಮ್ಮನಿದ್ದಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ಅವಳ ಜೊತೆ ಮಾತು ಬಿಟ್ಟೆ.

ಒಂದು ಸಂಜೆ ಅಮ್ಮ ಭದ್ರಾವತಿ ಕೋರ್ಟಿನಿಂದ ಬಂದು ಚೀಟಿ ಮೇಜಿನ ಮೇಲಿಟ್ಟು, ಓಟು ಕೇಳಲು ಇನ್ನಿಬ್ಬರು ವಕೀಲೆಯರ ಜೊತೆ ಮತ್ತೆ ಹೊರಗೆ ಹೋದಳು. ಅಪ್ಪ ಇನ್ನೂ ಬಂದಿರಲಿಲ್ಲ. ದೊಡ್ಡಪ್ಪ ಬರುವ ಮೊದಲು ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿಡುವುದು ನನ್ನ ಕೆಲಸ. ಜೋಡಿಸುವಾಗ ಓದಿದ್ದೆ. ಸೆಲ್ವಿ, ಭದ್ರಾವತಿ ಮುನ್ಸಿಫ್ ಕೋರ್ಟು, ತಾರೀಕು ಹನ್ನೊಂದು. ಅಮ್ಮನ ಅಕ್ಷರ ಓರೆಯಾದರೂ 11 ಎಂದು ಸ್ಪಷ್ಟವಾಗಿತ್ತು. ದೊಡ್ಡಪ್ಪ ಬಂದು ಕೂತು, ಕನ್ನಡಕ ಹಾಕಿಕೊಂಡು, ಒಂದೊಂದೇ ಓದುತ್ತಾ ಬಂದ. ಆ ಚೀಟಿ ಎತ್ತಿ ಒಂದು ಕ್ಷಣ ಹೆಚ್ಚೇ ನೋಡಿದ.

"ಸೆಲ್ವಿ. ಭದ್ರಾವತಿ. ತಾರೀಕು ಇಪ್ಪತ್ತೊಂದು."

ನಾನು ತಲೆ ಎತ್ತಿದೆ.

"ದೊಡ್ಡಪ್ಪ, ಅದರಲ್ಲಿ ಹನ್ನೊಂದು ಅಂತಿದೆ."

"ಓದೋರು ಯಾರು?"

"ನೀವು."

"ಬರೆಯೋರು?"

"ನಾನು."

"ಹಾಗಾದ್ರೆ ಬರಿ."

ಬರೆದೆ. ಇಪ್ಪತ್ತೊಂದರ ಪುಟ ತೆಗೆದು, ದುಂಡಗೆ ಬರೆದೆ, ಫೈಲಿನ ಮೇಲೂ ಬರೆದೆ. ಚೀಟಿಗೆ ಕೈ ಚಾಚಿದಾಗ ಅವನು ಅದನ್ನು ಕೊಡದೆ ಜುಬ್ಬದ ಜೇಬಿಗೆ ಹಾಕಿಕೊಂಡ. ಎಷ್ಟೋ ದಿನಗಳ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಕಕ್ಷಿದಾರರಿಗೆ ತಾರೀಕು ತಿಳಿಸುವ ಕಾರ್ಡುಗಳನ್ನು ಬರೆಯುವ ಸರದಿ. ಸೆಲ್ವಕ್ಕನಿಗೂ ಒಂದು ಬರೆದೆ, ಇಪ್ಪತ್ತೊಂದಕ್ಕೆ ಕೋರ್ಟಿಗೆ ಬರತಕ್ಕದ್ದು ಎಂದು. ಅಮ್ಮನಿಗೆ ಹೇಳಲು ನನಗೆ ಒಂದು ವಾರಕ್ಕಿಂತ ಹೆಚ್ಚು ಸಮಯವಿತ್ತು. ಅವಳು ಪಕ್ಕದಲ್ಲೇ ಮಲಗುತ್ತಿದ್ದಳು, ನನ್ನ ಜಡೆ ಅವಳೇ ಹೆಣೆಯುತ್ತಿದ್ದಳು. ಕೋರ್ಟಿನವರೇ ತಾರೀಕು ಬದಲಾಯಿಸಿರಬಹುದು, ದೊಡ್ಡವರ ವಿಷಯ ನನಗೇಕೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜ ಬೇರೆ. ತಲೆಯ ಮೇಲಿನ ಆ ಕೈ ನನಗೆ ಬೇಕಾಗಿತ್ತು.

ಹನ್ನೊಂದನೇ ತಾರೀಕು ಅಮ್ಮ, ಎಂದಿನಂತೆ ಡೈರಿಯನ್ನೇ ನಂಬಿ, ಶಿವಮೊಗ್ಗದ ಕೋರ್ಟಿನಲ್ಲಿ ಓಟು ಕೇಳುತ್ತಾ ಓಡಾಡುತ್ತಿದ್ದಳು. ಸೆಲ್ವಕ್ಕ ಭದ್ರಾವತಿಯಲ್ಲಿ ಇಡ್ಲಿ ಬೇಯಿಸುತ್ತಿದ್ದಳು. ಕೋರ್ಟಿನಲ್ಲಿ ಅವಳ ಹೆಸರು ಮೂರು ಸಲ ಕೂಗಿದರು. ವಾದಿಯೂ ಇಲ್ಲ, ವಕೀಲರೂ ಇಲ್ಲ, ದಾವೆ ವಜಾ ಆಯಿತು. ಮಾರನೇ ದಿನ ಬೆಳಿಗ್ಗೆ ಸೆಲ್ವಕ್ಕ ಹೊಸಮನೆಗೆ ಬಂದಳು. ಮೋರಿ ದಾಟಲಿಲ್ಲ, ಹಿತ್ತಲಿಗೆ ಹೋಗಲಿಲ್ಲ. ಮುಂಬಾಗಿಲಿನಿಂದಲೇ, ಕೂತಿದ್ದ ಕಕ್ಷಿದಾರರ ನಡುವೆಯೇ ನುಗ್ಗಿ ಬಂದು ಮೇಜಿನ ಮುಂದೆ ನಿಂತಳು. ಕೈಯಲ್ಲಿ ನನ್ನ ಕಾರ್ಡು.

"ಎಲ್ಲಮ್ಮಾ ಲಾಯರಮ್ಮಾ! ಇಪ್ಪತ್ತೊಂದು ಅಂತ ಕಾರ್ಡ್ ಹಾಕಿದ್ರಲ್ಲಾ, ನಿನ್ನೇನೇ ಕೇಸ್ ಹೋಯ್ತಂತೆ! ಮೈದುನ ಬಂದು ಬೀಗ ಹಾಕ್ಬಿಟ್ಟ. ನನ್ನ ಪಾತ್ರೆ ಎಲ್ಲಾ ಬೀದೀಲಿ ಬಿದ್ದದೆ!"

ಅಮ್ಮ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಕಾರ್ಡು ನೋಡಿದಳು, ಡೈರಿ ತಿರುವಿದಳು. ಮೊಳೆಗೆ ಚುಚ್ಚಿದ್ದ ಚೀಟಿಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಹರಡಿ ಒಂದೊಂದಾಗಿ ನೋಡಿದಳು. ಸೆಲ್ವಕ್ಕನ ಕೇಸಿನ ಚೀಟಿ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಶೈಲಾ, ಚೀಟೀಲಿ ಏನಿತ್ತು?"

ದೊಡ್ಡಪ್ಪ ಏನೋ ಬರೆಯುತ್ತಿದ್ದವನು ತಲೆ ಎತ್ತಲಿಲ್ಲ. ಅಪ್ಪ ಕಂದಾಯದ ಕಾಗದ ಹಿಡಿದು ನಿಂತಿದ್ದ. ಬಾಗಿಲಲ್ಲಿ ದೊಡ್ಡಮ್ಮ. ಕೋಣೆಯ ತುಂಬ ಕೂತಿದ್ದ ಅಪರಿಚಿತರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಇಪ್ಪತ್ತೊಂದು ಅಂತಿತ್ತು," ಎಂದೆ.

"ಕೇಳಿಸ್ತಾ ಗಿರಿಜಾ?" ದೊಡ್ಡಪ್ಪ ಪೆನ್ನಿನ ಮುಚ್ಚಳ ಹಾಕಿದ. "ಓಟು ಕೇಳೋ ಗಡಿಬಿಡೀಲಿ ನೀನೇ ತಪ್ಪು ಬರ್ದಿದೀಯ. ಮಗು ಮೇಲೆ ಯಾಕೆ ಹರಿಹಾಯ್ತೀಯ? ತನ್ನ ಕೇಸಿನ ತಾರೀಕೇ ನೆನಪಿಲ್ಲದೋಳು ಸಂಘ ನಡೆಸ್ತಾಳಂತೆ."

ಅಮ್ಮ ನನ್ನನ್ನು ನೋಡುತ್ತಲೇ ಇದ್ದಳು. ಸೆಲ್ವಕ್ಕನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ಕೋರ್ಟಿನ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ: ಬಡವರ ಲಾಯರಮ್ಮ ಓಟಿನ ಆಸೆಗೆ ಬಡವಳ ಮನೆ ಕಳೆದಳು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದಾಗ ಅಮ್ಮ ಚೀಲ ಹಿಡಿದು ನಿಂತಿದ್ದಳು.

"ನಡಿ ಭದ್ರಾವತಿಗೆ. ಬೀದಿಗೆ ಹಾಕಿರೋ ಸಾಮಾನಿಂದು ಪಟ್ಟಿ ಮಾಡ್ಬೇಕು, ಕೋರ್ಟಿಗೆ ಕೊಡೋಕೆ. ಅಕ್ಷರ ದುಂಡಗಿರೋರು ಬೇಕು."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ನಾನು ಈ ಕಡೆ. ಮಾಚೇನಹಳ್ಳಿಯ ಕಾರ್ಖಾನೆಗಳು ಕಳೆದವು, ವೆಲ್ಡಿಂಗಿನ ಕಿಡಿಗಳು ಕಳೆದವು. ಸೆಲ್ವಕ್ಕನ ಮನೆಗೆ ದೊಡ್ಡ ಬೀಗ ಬಿದ್ದಿತ್ತು. ಎದುರು ಮನೆಯ ಗೋಡೆಗೆ ಒರಗಿಸಿ ಸಾಮಾನು ಪೇರಿಸಿದ್ದಳು, ಮೇಲೆ ಗೋಣಿಚೀಲ ಹೊದಿಸಿ. ಮಕ್ಕಳಿಬ್ಬರೂ ಚಾಪೆಯ ಸುರುಳಿಯ ಮೇಲೆ ಕೂತಿದ್ದರು. ಅಮ್ಮ ಅಕ್ಕಪಕ್ಕದವರನ್ನು ವಿಚಾರಿಸಲು ನಾಲ್ಕು ಹೆಜ್ಜೆ ಆಚೆ ಹೋದಳು. ಸೆಲ್ವಕ್ಕ ಒಂದೊಂದೇ ಎತ್ತಿ ತೋರಿಸಿ ಹೇಳಿದಳು, ನಾನು ಬರೆದೆ.

"ಅಲ್ಯೂಮಿನಿಯಂ ಪಾತ್ರೆ ನಾಕು, ಒಂದಕ್ಕೆ ಹಿಡಿ ಮುರಿದದೆ. ಇಡ್ಲಿ ತಟ್ಟೆ ಮೂರು. ಆರಿತ್ತು, ಮೂರು ಮೋರಿಗೆ ಬಿತ್ತು. ಉದ್ದಿನಬೇಳೆ ಡಬ್ಬಿ, ಬೇಳೆ ಎಲ್ಲಾ ಚೆಲ್ಲೋಯ್ತು, ಬರೀ ಡಬ್ಬಿ ಅಂತ ಬರಿ. ಅವರ ಕಾರ್ಖಾನೆ ಬೂಟು ಒಂದ್ ಜೊತೆ."

ಹೇಳುತ್ತಿದ್ದವಳು ನಿಲ್ಲಿಸಿದಳು. ಬಗ್ಗಿ ನನ್ನ ಕಾಗದವನ್ನು ನೋಡಿದಳು. ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯಾಗಿದ್ದ ಕಾರ್ಡನ್ನು ತೆಗೆದು ಕಾಗದದ ಪಕ್ಕ ಇಟ್ಟಳು.

"ನಂಗೆ ಓದಕ್ಕೆ ಬರಲ್ಲ. ಆದ್ರೆ ಈ ಅಕ್ಷರಾನೂ ಆ ಅಕ್ಷರಾನೂ ಒಂದೇ ಅಲ್ವಾ? ನೀನಾ ಬರೆದಿದ್ದು?"

ಅಷ್ಟು ಜನರ ಎದುರು ಸುಳ್ಳು ಹೇಳಿದ ಬಾಯಿಗೆ ಅವಳೊಬ್ಬಳ ಎದುರು ಸುಳ್ಳು ಬರಲಿಲ್ಲ. ಎಲ್ಲ ಹೇಳಿದೆ. ಚೀಟಿಯಲ್ಲಿ ಹನ್ನೊಂದಿತ್ತು, ದೊಡ್ಡಪ್ಪ ಇಪ್ಪತ್ತೊಂದು ಓದಿದರು, ನಾನು ಬರೆದೆ, ಚೀಟಿ ಜೇಬಿಗೆ ಹಾಕಿಕೊಂಡರು, ಅಮ್ಮನಿಗೆ ಹೇಳಲಿಲ್ಲ. ಬಿಕ್ಕುತ್ತಾ ಹೇಳಿದ್ದರಿಂದ ಅವಳಿಗೆ ಎರಡೆರಡು ಸಲ ಹೇಳಬೇಕಾಯಿತು. ಅವಳು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನಿಮ್ಮನೇಗೆ ಎರಡು ಬಾಗ್ಲು. ನಂಗಿದ್ದಿದ್ದು ಒಂದೇ ಒಂದು. ಅದನ್ನ ಮುಚ್ಚಿಬಿಟ್ಯಲ್ಲೇ ಮಾರಾಯ್ತಿ, ಕೂತಲ್ಲೇ ಕೂತು."

ಹಿಂದೆ ತಿರುಗಿದರೆ ಅಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಕಣ್ಣೊರೆಸಲಿಲ್ಲ, ಹತ್ತಿರಕ್ಕೂ ಕರೆಯಲಿಲ್ಲ.

"ಪಟ್ಟಿ ಮುಗಿಸು," ಎಂದಳು.

ಬರುವಾಗ ಬಸ್ಸಿನಲ್ಲಿ ಅವಳೇ ಮಾತು ತೆಗೆದಳು.

"ದಾವೆ ಮತ್ತೆ ತಗೋಬೇಕು ಅಂತ ಅರ್ಜಿ ಹಾಕ್ತೀನಿ. ತಾರೀಕು ಯಾಕೆ ತಪ್ಪಿತು ಅಂತ ಕೇಳ್ತಾರೆ. ನೀನು ಹೇಳಿದ್ರೆ ಆ ಮನೇಲಿ ನಮಗೆ ಜಾಗ ಇರಲ್ಲ. ಹೇಳ್ದಿದ್ರೆ ಸೆಲ್ವಿಗೆ ಜಾಗ ಇಲ್ಲ. ನಾನು ಒತ್ತಾಯ ಮಾಡಲ್ಲ, ಹೇಳಿಕೊಡೋದೂ ಇಲ್ಲ."

"ನನ್ನ ಮೇಲೆ ಕೋಪ ಇದೆಯಾ ಅಮ್ಮ?"

"ಇದೆ. ಬಹಳ ಇದೆ."

ಹೇಳುವುದು ಬಿಡುವುದು ನನಗೇ ಬಿಟ್ಟು ಅಮ್ಮ ಸಾಕ್ಷಿಗಳಲ್ಲಿ ನನ್ನ ಹೆಸರು ಕೊಟ್ಟಿದ್ದಳು, ಅದು ರುದ್ರೇಶನಿಂದ ದೊಡ್ಡಪ್ಪನಿಗೆ ಗೊತ್ತಾಯಿತು. ವಿಚಾರಣೆಯ ಹಿಂದಿನ ಸಂಜೆ ನನ್ನನ್ನು ಮುಂದಿನ ಕೋಣೆಗೆ ಕರೆದು ಬಾಗಿಲು ಹಾಕಿದ. ರೇಗಲಿಲ್ಲ. ಬೆತ್ತದ ಕುರ್ಚಿಯಿಂದ ಎದ್ದು ನನ್ನನ್ನು ಅದರಲ್ಲಿ ಕೂರಿಸಿದ.

"ನಾಳೆ ಜ್ವರ ಅಂತ ಮಲಗಿಬಿಡು ಪುಟ್ಟಿ. ನಿನ್ನನ್ನ ಲಾ ಓದಿಸೋನು ನಾನು. ಈ ಮೇಜು, ಈ ಪುಸ್ತಕ, ಈ ಕುರ್ಚಿ ಎಲ್ಲ ನಿಂದೇ. ಯಾವಳೋ ಇಡ್ಲಿಯೋಳಿಗೋಸ್ಕರ ಕೈಯಾರೆ ಕಳ್ಕೋತೀಯಾ?"

ಕುರ್ಚಿ ನನಗೆ ದೊಡ್ಡದಾಗಿತ್ತು, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಆದರೂ ಆಸೆಯಾಯಿತು. ಪೆನ್ನನ್ನು ಮೇಜಿನ ಮೇಲೆ ಇಟ್ಟು ಎದ್ದು ಬಂದೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಹಾಗೇನೂ ಮಾಡಲಿಲ್ಲ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಅಪ್ಪನ ಹಾಗೆ ತಲೆ ತಗ್ಗಿಸಿ ಹೊರಗೆ ಬಂದೆ. ಬೆಳಿಗ್ಗೆ ಅಮ್ಮ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಾಗಲೂ ನಾನೇನು ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಜಡೆ ಹೆಣೆಸಿಕೊಂಡು ಅವಳ ಹಿಂದೆ ಬಸ್ಸು ಹತ್ತಿದೆ, ಅಷ್ಟೇ.

ಅವತ್ತು ನಾನು ಬಾಯಿ ಬಿಟ್ಟಿದ್ದರಿಂದ ಏನೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೆಲ್ವಕ್ಕನ ದಾವೆಗೆ ಮತ್ತೆ ಜೀವ ಬಂತು, ಬೀಗ ತೆರೆಯಿತು. ಅದೇ ವಾರ ನಡೆದ ಚುನಾವಣೆಯಲ್ಲಿ ಅಮ್ಮ ಹೀನಾಯವಾಗಿ ಸೋತಳು. ತಾರೀಕು ತಪ್ಪಿಸಿದ್ದು ದೊಡ್ಡಪ್ಪ ಎಂದು ಎಲ್ಲರಿಗೂ ಗೊತ್ತಾದ ಮೇಲೂ ಓಟು ಹೋಗಿದ್ದು ರುದ್ರೇಶನಿಗೇ. ಮನೆಯ ಜಗಳವನ್ನು ಕೋರ್ಟಿಗೆ ತಂದವಳು, ಮಗಳನ್ನು ಸಾಕ್ಷಿಕಟ್ಟೆಗೆ ಹತ್ತಿಸಿದವಳು ಎಂದು ಅವಳನ್ನೇ ದೂರಿದರು. ಸುಳ್ಳು ಓದಿದ್ದಕ್ಕೆ ಯಾರಿಗೂ ಹೇಸಿಗೆಯಾಗಲಿಲ್ಲ, ನಿಜ ಹೇಳಿದ್ದಕ್ಕೆ ಆಯಿತು. ನಮ್ಮ ಹಾಸಿಗೆ ಬಟ್ಟೆಗಳು ಹಿತ್ತಲ ಬಾಗಿಲಿನಿಂದ ಹೊರಗೆ ಬಂದವು. ಭದ್ರಾವತಿಯಲ್ಲಿ ಎರಡು ಕೋಣೆ ಹಿಡಿದೆವು. ಅಪ್ಪ ಮೂರು ತಿಂಗಳು ಯೋಚನೆ ಮಾಡಿ ಬಂದ. ಅಮ್ಮ ಮತ್ತೆ ನಿಂತಳು, ಮತ್ತೆ ಸೋತಳು, ಮೂರನೇ ಸಲ ಗೆದ್ದಳು. ಗೆದ್ದ ವರ್ಷವೇ ಜಗಳಾಡಿ ಕೋರ್ಟಿನ ಆವರಣದಲ್ಲಿ ಹೆಂಗಸರಿಗೆ ಒಂದು ಕೋಣೆ ಮಾಡಿಸಿದಳು, ತಾಲೂಕು ತಾಲೂಕಿಗೆ ಹೋಗಿ ಉಚಿತ ಕಾನೂನು ನೆರವಿನ ಶಿಬಿರ ಮಾಡಿದಳು. ನಾನು ಕೋಟು ಹಾಕಿದ ಮೊದಲ ದಿನ ಒಬ್ಬ ಹಿರಿಯ ವಕೀಲರು ಇನ್ನೊಬ್ಬರಿಗೆ ನನ್ನನ್ನು ತೋರಿಸಿ, "ದೊಡ್ಡಪ್ಪನ ಮೇಲೇ ಸಾಕ್ಷಿ ಹೇಳಿದ್ಲಲ್ಲ, ಅವಳೇ ಇವಳು," ಎಂದರು. ಈಗ ಅದೇ ಸಂಘದ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತು ಅವರ ಅರ್ಜಿಗಳಿಗೆ ಸಹಿ ಹಾಕಿದ್ದೇನೆ. ದೊಡ್ಡಪ್ಪ ಸತ್ತಾಗ ಮುಖ ನೋಡಲು ಹೋಗಲಿಲ್ಲ. ಅದಕ್ಕೆ ಬೇಸರವೂ ಇಲ್ಲ.

ಭದ್ರಾವತಿಯ ಆ ಕೋರ್ಟು ಸಣ್ಣದು. ಅಮ್ಮ ತಾನೇ ಸಾಕ್ಷಿಯಾಗಿದ್ದರಿಂದ ಸೆಲ್ವಕ್ಕನ ಪರವಾಗಿ ಅವತ್ತು ಇನ್ನೊಬ್ಬ ವಕೀಲರು ನಿಂತಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಕೈಕಟ್ಟಿ ಕೂತಿದ್ದ. ಅವನನ್ನು ನೋಡಿ ನ್ಯಾಯಾಧೀಶರೂ ಒಮ್ಮೆ ತಲೆಬಾಗಿದ್ದನ್ನು ನಾನು ನೋಡಿದೆ. ನನ್ನ ಹೆಸರು ಕೂಗಿದರು. ಸಾಕ್ಷಿಕಟ್ಟೆಯ ಕಟಕಟೆ ನನ್ನ ಎದೆಯವರೆಗೆ ಬರುತ್ತಿತ್ತು. ರುದ್ರೇಶ ಎದ್ದು ನಿಂತ.

"ನನ್ನ ಆಕ್ಷೇಪಣೆ ಇದೆ ಸ್ವಾಮಿ. ಹನ್ನೆರಡು ವರ್ಷದ ಮಗು. ತಾಯಿ ಹೇಳಿಕೊಟ್ಟಿದ್ದನ್ನ ಗಿಣಿ ಪಾಠ ಒಪ್ಪಿಸುತ್ತೆ. ಪ್ರಮಾಣ ಅಂದ್ರೇನು ಅಂತಲೇ ಇದಕ್ಕೆ ತಿಳಿದಿರಲ್ಲ."

ನ್ಯಾಯಾಧೀಶರು ನನ್ನ ಕಡೆ ಬಾಗಿ ಹೆಸರು ಕೇಳಿದರು, ಕ್ಲಾಸು ಕೇಳಿದರು. ಆಮೇಲೆ ಸಾಕ್ಷಿಗೆ ಬರುವ ಪ್ರತಿ ಮಗುವನ್ನೂ ಕೇಳುವ ಪ್ರಶ್ನೆ ಕೇಳಿದರು.

"ಸುಳ್ಳು ಹೇಳಿದ್ರೆ ಏನಾಗುತ್ತೆ ಅಂತ ಗೊತ್ತೇನಮ್ಮ?"

ಮಕ್ಕಳು ಇದಕ್ಕೆ ಕೊಡುವ ಉತ್ತರಗಳನ್ನು ಈ ಮೂವತ್ತು ವರ್ಷಗಳಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ದೇವರು ಕಣ್ಣು ಕೀಳುತ್ತಾನೆ, ಪಾಪ ಸುತ್ತಿಕೊಳ್ಳುತ್ತದೆ, ಪರೀಕ್ಷೆಯಲ್ಲಿ ಫೇಲಾಗುತ್ತೇವೆ. ಯಾವುದನ್ನು ಹೇಳಿದರೂ ಕೋರ್ಟು ಒಪ್ಪಿಕೊಳ್ಳುತ್ತದೆ, ಬಹಳ ವಕೀಲರು ಮೊದಲೇ ಬಾಯಿಪಾಠ ಮಾಡಿಸಿರುತ್ತಾರೆ. ಅಮ್ಮ ಹೇಳಿಕೊಟ್ಟಿರಲಿಲ್ಲ. ಅವಳು ಗೋಡೆಯ ಪಕ್ಕ ನಿಂತು ನೆಲ ನೋಡುತ್ತಿದ್ದಳು. ದೊಡ್ಡಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದ, ಸಂಜೆ ಆರಕ್ಕೆ ಚೀಟಿ ಓದಿ ನಾನು ಬರೆಯುವುದನ್ನು ಕಾಯುವಾಗ ನೋಡುತ್ತಿದ್ದನಲ್ಲ, ಹಾಗೆ. ಬಾಗಿಲಲ್ಲಿ ಸೆಲ್ವಕ್ಕ ಚಿಕ್ಕ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು.

"ಗೊತ್ತು ಸಾರ್," ಎಂದೆ. "ಬೇರೆಯವರ ಪಾತ್ರೆ ಬೀದಿಗೆ ಬೀಳುತ್ತೆ."

ರುದ್ರೇಶ ಮತ್ತೆ ಏನೋ ಹೇಳಲು ಎದ್ದ. ನ್ಯಾಯಾಧೀಶರು ಕೈ ಎತ್ತಿ ಅವನನ್ನು ಕೂರಿಸಿ, ಟೈಪ್ ಮಾಡುವವರ ಕಡೆ ತಿರುಗಿದರು.

"ಅವಳು ಹೇಳಿದ ಹಾಗೇ ಬರ್ಕೊಳ್ಳಿ. ಪ್ರಮಾಣ ಮಾಡಿಸಿ."